ಕೊಂದವನಾರು ಎಂಬ ಪ್ರಶ್ನೆ

ಪತ್ತೇದಾರಿ ಕಾದಂಬರಿಯೆಂದರೆ ನಮ್ಮ ಕುಟುಂಬಗಳ ಹಿರಿಯರಿಗೆ ಇಂದಿಗೂ ಒಂದು ಬಗೆಯ ಅಸಡ್ಡೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಎನ್. ನರಸಿಂಹಯ್ಯನವರ ಪುಸ್ತಕಗಳನ್ನು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದವರೇ ಈಗ ಮಕ್ಕಳ ಕೈಯಲ್ಲಿ ಅಂಥದ್ದು ಕಂಡರೆ ಹುಬ್ಬು ಗಂಟಿಕ್ಕುತ್ತಾರೆ. ಆದರೆ ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ನಮ್ಮ ಯುವಜನರು ಹಬ್ಬಕ್ಕೆ ಬರುವಾಗ ತರುವ ಇಂಗ್ಲಿಷಿನ ‘ಕ್ರೈಸ್ತ ರೋಚಕ ಕಾದಂಬರಿ’ಗಳಿಗೆ ಈ ಆಕ್ಷೇಪವಿಲ್ಲ. ಅವುಗಳಲ್ಲಿ ಕೊಲೆಯೂ ಉಂಟು, ಪ್ರೇಮವೂ ಉಂಟು. ಜೊತೆಗೆ ಪ್ರಾರ್ಥನೆಯೂ ಇರುವುದರಿಂದ ಮನೆಯೊಳಗೆ ಪ್ರವೇಶ ಸುಲಭ.

ಅಮೆರಿಕದ ಲೇಖಕಿ ಡೀ ಹೆಂಡರ್ಸನ್ ಅವರ ‘ದಿ ಗಾರ್ಡಿಯನ್’ (2001) ಈ ಜಾತಿಯ ಉತ್ತಮ ಮಾದರಿ. ನ್ಯಾಯಾಧೀಶರೊಬ್ಬರ ಹತ್ಯೆಯಾಗಿದೆ. ಇರುವ ಒಬ್ಬಳೇ ಸಾಕ್ಷಿ ಶಾರಿ. ಅವಳನ್ನು ಕಾಯಲು ನಿಂತ ಕೇಂದ್ರ ಸರ್ಕಾರದ ಮಾರ್ಷಲ್ ಮಾರ್ಕಸ್, ಅನಾಥಾಲಯದಲ್ಲಿ ಬೆಳೆದು ತಾವೇ ಒಂದು ಕುಟುಂಬವಾದ ಏಳು ಮಂದಿಯಲ್ಲಿ ಒಬ್ಬ. ಕೇಳದ ಪ್ರಾರ್ಥನೆಯ ಮುಂದೆ ವಿಶ್ವಾಸಿಯೊಬ್ಬಳು ಸಿಟ್ಟಿಗೇಳುವುದನ್ನು ಲೇಖಕಿ ಮರೆಮಾಚಿಲ್ಲ, ಅದು ಮೆಚ್ಚತಕ್ಕದ್ದು. ಆದರೆ ಆ ಸಿಟ್ಟಿಗೆ ದೊರೆಯುವ ಆಯುಷ್ಯ ಕಡಿಮೆ. ವಿಶ್ವಾಸ ಮರಳುವುದೂ ಪ್ರೇಮ ಕೈಗೂಡುವುದೂ ಒಂದಕ್ಕೊಂದು ತೀರ ಹತ್ತಿರವಾಗಿ ಬರುತ್ತವೆ. ಕೆಡುಕೆಲ್ಲ ಹೊರಗಿನ ಹಂತಕನೊಬ್ಬನ ಪಾಲು. ಅವನ ಕಾಟ ತೀರಿತೆಂದರೆ ಲೋಕ ಶುದ್ಧ!

ನ್ಯಾಯಾಧೀಶನ ಜಾಗದಲ್ಲಿ ವಿಜ್ಞಾನಿಯೊಬ್ಬನನ್ನಿಟ್ಟು, ಸುಮಾರಾಗಿ ಇದೇ ವಸ್ತುವನ್ನು ನಮ್ಮ ಪಕ್ಕದ ಮಲೆನಾಡಿನಲ್ಲಿ ಕುಳಿತು ಬರೆದವರು ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ (1938–2007). ‘ಚಿದಂಬರ ರಹಸ್ಯ’ 1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಏಲಕ್ಕಿಯ ಇಳುವರಿ ಏಕೆ ಕುಸಿಯುತ್ತಿದೆ ಎಂದು ತಿಳಿಯಲು ಗುಪ್ತಚರ ಅಧಿಕಾರಿ ಅಂಗಾಡಿ ಕೆಸರೂರಿಗೆ ಬರುತ್ತಾನೆ. ಅಲ್ಲಿನ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ಸಂಶಯಗಳಿವೆ. ಕೃಷ್ಣೇಗೌಡರ ಮಗಳು ಜಯಂತಿ, ರಫಿ ಎಂಬ ಮುಸ್ಲಿಂ ಯುವಕನನ್ನು ಪ್ರೀತಿಸುತ್ತಾಳೆ. ಇತ್ತ ಊರಿನ ಸುತ್ತಲೂ ಲಂಟಾನದ ಪೊದೆ ಸದ್ದಿಲ್ಲದೆ ಹಬ್ಬುತ್ತಿರುತ್ತದೆ.

ಅಂಗಾಡಿಯ ತನಿಖೆ ಮುಂದುವರಿದಷ್ಟೂ ಕೊಲೆಗಾರನೊಬ್ಬನ ಮುಖ ಸ್ಪಷ್ಟವಾಗುವ ಬದಲು ಊರಿನ ಮುಖವೇ ಸ್ಪಷ್ಟವಾಗತೊಡಗುತ್ತದೆ. ಲಾಭದಾಸೆ, ಜಾತಿ, ಗಾಳಿಮಾತು, ಎಲ್ಲಕ್ಕಿಂತ ಹೆಚ್ಚಾಗಿ ‘ನನಗೇಕೆ’ ಎಂಬ ಉದಾಸೀನ. ಲಂಟಾನವನ್ನು ನೆಟ್ಟವರು ಯಾರೂ ಇಲ್ಲ. ಕಡಿಯಲು ಹೊರಟವರೂ ಇಲ್ಲ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಎದೆ ತಟ್ಟಿಕೊಂಡು ಒಪ್ಪಿಕೊಳ್ಳುವ ಪಾಪಗಳಲ್ಲಿ ಕರ್ತವ್ಯಲೋಪವೂ ಒಂದಷ್ಟೆ. ಆ ಪದವನ್ನು ಅವಸರದಲ್ಲಿ ಉಚ್ಚರಿಸಿ ಮುಂದೆ ಹೋಗುವ ನಮಗೆ, ದೇವಾಲಯದ ಗೊಡವೆಯೇ ಇಲ್ಲದ ಈ ಲೇಖಕರು ಅದರ ಅರ್ಥವನ್ನು ಇಡೀ ಊರಿನ ಗಾತ್ರದಲ್ಲಿ ತೋರಿಸಿದ್ದಾರೆ. ಹಣೆಪಟ್ಟಿಯ ಮೇಲೆ ಕ್ರೈಸ್ತವಾದ ಪುಸ್ತಕಕ್ಕಿಂತ ಪಾಪದ ಅರಿವು ಇಲ್ಲಿ ಆಳವಾಗಿದೆ ಎಂಬುದು ನನ್ನ ಅಭಿಪ್ರಾಯ.

ಕೊರತೆಗಳಿಲ್ಲವೆಂದಲ್ಲ. ಪಾತ್ರಗಳ ಸಂತೆಯಲ್ಲಿ ಓದುಗನು ಆಗಾಗ ದಾರಿ ತಪ್ಪುತ್ತಾನೆ. ಧರ್ಮವೆಂದರೆ ಬಹುಪಾಲು ಮೌಢ್ಯ ಅಥವಾ ಕಪಟವೆಂಬಂತೆ ಕಾಣುವ ಲೇಖಕರ ನಗೆ ಕೆಲವೊಮ್ಮೆ ಅಗ್ಗವಾಗುತ್ತದೆ. ಪ್ರಾಮಾಣಿಕವಾಗಿ ಪ್ರಾರ್ಥಿಸುವ ಒಬ್ಬ ಮನುಷ್ಯನಿಗಾದರೂ ಕೆಸರೂರಿನಲ್ಲಿ ಹೆಚ್ಚಿನ ಜಾಗ ಸಿಗಬೇಕಿತ್ತು. ಈ ವಿಷಯದಲ್ಲಿ ಹೆಂಡರ್ಸನ್ ಅವರೇ ಮೇಲು.

ಆದರೂ ಮಕ್ಕಳು ‘ದಿ ಗಾರ್ಡಿಯನ್’ ತಂದರೆ ಓದಲಿ, ಅದರ ಬೆನ್ನಿಗೇ ಇದನ್ನೂ ಓದಲಿ; ಸಾಧ್ಯವಾದರೆ ತಂದೆತಾಯಿಗಳು ಮೊದಲು ಓದಲಿ. ಏಕೆಂದರೆ ಮಗಳು ಅನ್ಯಧರ್ಮದವನನ್ನು ಮೆಚ್ಚಿದಾಗ ಮನೆಯಲ್ಲಿ ಏಳುವ ಕೋಲಾಹಲ ಕೆಸರೂರಿನದ್ದು ಮಾತ್ರವಲ್ಲ, ನಮ್ಮ ಧರ್ಮಕೇಂದ್ರಗಳದ್ದೂ ಹೌದು. ಹೆಂಡರ್ಸನ್ ಅವರ ಜೋಡಿಗೆ ಇಂಥ ಸಂಕಟವೇ ಎದುರಾಗುವುದಿಲ್ಲ. ತೇಜಸ್ವಿಯವರ ಕಾದಂಬರಿಯ ಕೊನೆಯಲ್ಲಿ ಒಣಗಿದ ಲಂಟಾನಕ್ಕೆ ಬೆಂಕಿ ಹತ್ತಿ ಊರು ಉರಿಯುತ್ತಿರುವಾಗ ರಫಿ, ಜಯಂತಿ ಗುಡ್ಡದ ಮೇಲೆ ಉಳಿದಿರುತ್ತಾರೆ. ಅವರು ಇಳಿದು ಯಾರ ಮನೆಗೆ ಹೋಗಬೇಕೆಂದು ಕಾದಂಬರಿ ಹೇಳುವುದಿಲ್ಲ.