ಕಾಫಿಯ ಕಾಯಿದೆಯಲ್ಲಿ ‘ವಿಕ್ರಯ’ಶಬ್ದದ ವಿಚಾರ

ಶಬ್ದಾರ್ಥನಿರ್ಣಯವು ಕಾವ್ಯಕ್ಕೂ ಶಾಸ್ತ್ರಕ್ಕೂ ಮಾತ್ರವೇ ಸಲ್ಲತಕ್ಕ ಕೆಲಸವೆಂದು ನಮ್ಮ ಪಂಡಿತರಲ್ಲಿ ಹಲವರು ಭಾವಿಸಿರುವರು. ಕುದುರೆಮುಖದ ಮಗ್ಗುಲಿನ ಕಳಸ, ಮೂಡಿಗೆರೆ ಸೀಮೆಗಳ ಕಾಫಿಯ ಮೂಟೆಯು ಘಟ್ಟವಿಳಿದು ಮಂಗಳೂರನ್ನೂ ಅಲ್ಲಿಂದ ಪರದೇಶವನ್ನೂ ಸೇರುವ ದಾರಿಯನ್ನು ನೋಡಿದರೆ ಈ ಭಾವನೆ ನಿಲ್ಲಲಾರದು. ಆ ದಾರಿಯಲ್ಲಿ ಸುಂಕದ ಕಟ್ಟೆಗಿಂತ ಶಬ್ದದ ಕಟ್ಟೆಯೇ ದೊಡ್ಡದು.

1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ ಬೆಳೆಗಾರನು ಮನೆಬಳಕೆಗೂ ಬಿತ್ತನೆಗೂ ಬಿಟ್ಟುದನ್ನುಳಿದು ಹೆಚ್ಚಿನ ಪಾಲನ್ನು ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿದ್ದಿತು. ಒಪ್ಪಿಸಿದೊಡನೆ ಮೂಟೆಯ ಮೇಲಿನ ಅವನ ಸ್ವಾಮ್ಯವು ಮುಗಿದು, ಪೂಲಿನ ಹಣದಲ್ಲಿ ಪಾಲು ಪಡೆಯುವ ಹಕ್ಕೊಂದೇ ಉಳಿಯುತ್ತಿದ್ದಿತು. ‘ಪೂಲ್’ ಎಂಬುದನ್ನು ಕಣಜವೆಂದು ಕನ್ನಡಿಸಬಾರದೇಕೆ ಎಂದು ಕೇಳಬಹುದು. ಕಣಜದ ಭತ್ತ ತುಂಬಿದವನದೇ. ಪೂಲಿನ ಕಾಫಿ ಹಾಗಲ್ಲ. ಬೆಳೆಗಾರರು ಪರಭಾಷೆಯ ಮಾತನ್ನೇ ಉಳಿಸಿಕೊಂಡುದು ನಮಗೆ ಸರಿಯೆಂದೇ ತೋರುವುದು.

ಹಾಗಾದರೆ ಈ ಒಪ್ಪಿಸುವಿಕೆಯು ವಿಕ್ರಯವೋ, ಅಲ್ಲವೋ? ವಿಕ್ರಯವಾದರೆ ರಾಜ್ಯವು ಅದರ ಮೇಲೆ ಖರೀದಿ ತೆರಿಗೆಯನ್ನು ಹಾಕಬಹುದು. ಬಲಾತ್ಕಾರದ ಸ್ವಾಧೀನವಾದರೆ ಹಾಕಲಾಗದು. ಪೂಲಿನ ನಿಧಿ ಕುಗ್ಗಿದರೆ ಬೆಳೆಗಾರನ ಪಾಲೂ ಕುಗ್ಗುವುದಷ್ಟೆ. 1988ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ವಿಕ್ರಯವೇ ಎಂದು ನಿರ್ಣಯಿಸಿತು. ಕಾಯಿದೆಯ ನಿರ್ಬಂಧವಿದ್ದ ಮಾತ್ರಕ್ಕೆ ಸಮ್ಮತಿಯ ಅಂಶವು ಪೂರ್ತಿಯಾಗಿ ಅಳಿಯದೆಂಬುದು ಅದರ ಯುಕ್ತಿ.

ನಿರ್ಣಯವು ಮಾನ್ಯವಾದುದು, ಆದರೆ ಶಬ್ದದೃಷ್ಟಿಯಿಂದ ನಮಗೊಂದು ಸಂದೇಹವುಂಟು. ‘ಕ್ರೀ’ ಧಾತುವಿಗೆ ಧಾತುಪಾಠವು ಹೇಳುವ ಅರ್ಥ ದ್ರವ್ಯವಿನಿಮಯ. ಅಷ್ಟರಿಂದ ಸಮ್ಮತಿಯ ವಿಚಾರ ಹುಟ್ಟದು. ಮನುವಿನ ಹದಿನೆಂಟು ವ್ಯವಹಾರಪದಗಳಲ್ಲಿ ‘ಕ್ರಯವಿಕ್ರಯಾನುಶಯ’ವೆಂಬುದೊಂದಿರುವುದಷ್ಟೆ. ಅನುಶಯವೆಂದರೆ ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಡುವುದು. ಮಾರದೆ ಇರಲು ಸಾಧ್ಯವಿದ್ದವನಿಗಲ್ಲವೆ ಮಾರಿದುದಕ್ಕೆ ಪಶ್ಚಾತ್ತಾಪ? ಪೂಲಿಗೆ ಸುರಿದವನಿಗೆ ಆ ಭಾಗ್ಯವೂ ಇರಲಿಲ್ಲ. ಆದುದರಿಂದ ಇಲ್ಲಿ ವಿಕ್ರಯಶಬ್ದವು ಲಾಕ್ಷಣಿಕವೆಂದು ಹೇಳುವುದೇ ಯುಕ್ತ. ಲಕ್ಷಣೆಗೆ ಪ್ರಯೋಜನವಿರಬೇಕೆಂದು ಆಲಂಕಾರಿಕರು ಹೇಳುವರು. ಪ್ರಯೋಜನವಿಲ್ಲಿ ರಾಜ್ಯದ ಬೊಕ್ಕಸಕ್ಕೆ!

ಇನ್ನೊಂದು ಶಬ್ದವನ್ನೂ ನೋಡತಕ್ಕದ್ದು. ರಫ್ತಿನ ‘ಅನುಕ್ರಮದಲ್ಲಿ’ ನಡೆದ ಮಾರಾಟಕ್ಕೆ ರಾಜ್ಯಗಳು ತೆರಿಗೆ ಹಾಕಬಾರದೆಂದು ಸಂವಿಧಾನದ 286ನೆಯ ವಿಧಿ. ಮಂಡಳಿಯು ಹರಾಜಿನಲ್ಲಿ ರಫ್ತುಗಾರನಿಗೆ ಮಾರಿದುದು ಈ ಅನುಕ್ರಮಕ್ಕೆ ಸೇರದೆಂದು ಅದೇ ನ್ಯಾಯಾಲಯವು ಹಿಂದೆ ಹೇಳಿದ್ದಿತು. 1976ರಲ್ಲಿ ಸಂಸತ್ತು ಕೇಂದ್ರ ಮಾರಾಟ ತೆರಿಗೆಯ ಕಾಯಿದೆಯನ್ನು ತಿದ್ದಿ, ರಫ್ತಿನ ಒಪ್ಪಂದವನ್ನು ಈಡೇರಿಸಲು ಅದಕ್ಕೆ ನಿಕಟಪೂರ್ವದಲ್ಲಿ ನಡೆದ ಮಾರಾಟವನ್ನೂ ಅದರೊಳಗೆ ಸೇರಿಸಿತು. ಸರಕೂ ಹಡಗೂ ಬದಲಾಗಲಿಲ್ಲ. ಪದದ ವ್ಯಾಪ್ತಿ ಬೆಳೆಯಿತು, ತೆರಿಗೆಯ ಗಡಿ ಸರಿಯಿತು.

1996ರಲ್ಲಿ ಬೆಳೆಗಾರರಿಗೆ ಪೂರ್ಣವಾಗಿ ಸ್ವತಂತ್ರ ಮಾರಾಟ ದೊರೆತು ಪೂಲಿನ ಕಾಲ ಮುಗಿಯಿತು. ಶಬ್ದದ ಕಟ್ಟೆಯು ಈಗ ಯೂರೋಪಿಗೆ ಸರಿದಿದೆ. ಅಲ್ಲಿಯ ಒಕ್ಕೂಟದ 2023ರ ನಿಯಮವು 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದ ಕಾಫಿಯನ್ನು ತನ್ನ ಮಾರುಕಟ್ಟೆಗೆ ಬಿಡದು. ಅದರ ಜಾರಿಯನ್ನು ಮುಂದೂಡಿರುವರು. ಮರದ ನೆರಳಲ್ಲಿ ಬೆಳೆ ತೆಗೆಯುವ ಭೂಮಿಯನ್ನು ಆ ನಿಯಮವು ಕೃಷಿಯೆಂದೇ ಗಣಿಸಿದೆ. ಇದನ್ನು ಕನ್ನಡಿಸುವವರು ‘ಅರಣ್ಯ’ವೆಂದೊಮ್ಮೆ ‘ಕಾನು’ ಎಂದೊಮ್ಮೆ ಬರೆಯದೆ, ನಮ್ಮವರು ಹಿಂದಿನಿಂದ ಹೇಳುತ್ತ ಬಂದಿರುವಂತೆ ಆ ಭೂಮಿಯನ್ನು ‘ತೋಟ’ವೆಂದೇ ಬರೆಯತಕ್ಕದ್ದು.