ನಜೀಬ್ ಮತ್ತು ನಗೀಬ್ ನಡುವೆ

1988ರಲ್ಲಿ ನೊಬೆಲ್ ಪಡೆದ ಈಜಿಪ್ಟಿನ ಕಾದಂಬರಿಕಾರನ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು? ನಜೀಬ್ ಮಹ್ಫೂಜ್ ಎಂದೋ, ನಗೀಬ್ ಮಹ್ಫೂಜ್ ಎಂದೋ? ಅರಬ್ಬಿ ಲಿಪಿಯಲ್ಲಿ ಅಲ್ಲಿರುವುದು ಒಂದೇ ಅಕ್ಷರ, ಜೀಮ್. ವ್ಯಾಕರಣದ ಪುಸ್ತಕ ಹಿಡಿದು ಕಲಿತವರು ಅದನ್ನು ‘ಜ’ ಎಂದು ಓದುತ್ತಾರೆ. ಕೈರೋದವರು ‘ಗ’ ಎನ್ನುತ್ತಾರೆ. ಆತ 1911ರಲ್ಲಿ ಹುಟ್ಟಿದ್ದು ಹಳೆ ಕೈರೋದ ಗಮಾಲಿಯ್ಯಾ ಎಂಬಲ್ಲಿ. ಆ ಕೇರಿಯ ಹೆಸರು ಶುರುವಾಗುವುದೂ ಅದೇ ಜೀಮ್‌ನಿಂದ. ಮನೆಯವರು, ಕೇರಿಯವರು ಕರೆದದ್ದು ನಗೀಬ್ ಎಂದೇ. ಆದರೆ ಆತ ತನ್ನ ಪಾತ್ರಗಳ ಬಾಯಲ್ಲಿಟ್ಟ ಭಾಷೆಯ ನಿಯಮದ ಪ್ರಕಾರ ನಜೀಬ್ ಸರಿ. ಪುಸ್ತಕದ ಮುಖಪುಟ ದಾಟುವ ಮೊದಲೇ ಅರಬ್ಬಿ ಕಲಿಯುವವರ ಮುಂದೆ ಹೀಗೊಂದು ಆಯ್ಕೆ ಬಂದು ನಿಲ್ಲುತ್ತದೆ.

ಅರಬ್ಬಿಯ ಈ ಎರಡು ಪಾತಳಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಮೊದಲನೆಯದು ಫುಸ್ಹಾ. ಕುರಾನ್ ಮತ್ತು ಹಳೆಯ ಕಾವ್ಯದ ವ್ಯಾಕರಣದ ಮೇಲೆ ನಿಂತ, ಇವತ್ತು ಪತ್ರಿಕೆ, ಸುದ್ದಿವಾಹಿನಿ, ಪಠ್ಯಪುಸ್ತಕ, ಬಹುಪಾಲು ಕಾದಂಬರಿಗಳು ಬಳಸುವ ಭಾಷೆ. ಇದನ್ನು ಎಲ್ಲರೂ ಶಾಲೆಯಲ್ಲಿ ಕಲಿಯುತ್ತಾರೆ, ಯಾರೂ ತೊಟ್ಟಿಲಲ್ಲಿ ಕಲಿಯುವುದಿಲ್ಲ. ಎರಡನೆಯದು ಆಮ್ಮಿಯ್ಯಾ, ಜನ ಆಡುವ ಮಾತು. ಅದು ಊರಿಗೊಂದು. ‘ಈಗ’ ಎನ್ನುವುದಕ್ಕೆ ಫುಸ್ಹಾದಲ್ಲಿ ‘ಅಲ್-ಆನ್’. ಕೈರೋದಲ್ಲಿ ‘ದಿಲ್ವಅ್ತಿ’, ದಮಾಸ್ಕಸ್‌ನಲ್ಲಿ ‘ಹಲ್ಲಅ್’, ಕೊಲ್ಲಿಯ ಕಡೆ ‘ಅಲ್-ಹೀನ್’, ಮೊರಾಕ್ಕೊದಲ್ಲಿ ‘ದಾಬಾ’. 1959ರಲ್ಲಿ ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಫರ್ಗುಸನ್ ಇಂಥ ಸ್ಥಿತಿಗೆ ‘ಡೈಗ್ಲಾಸಿಯ’ ಎಂಬ ಹೆಸರನ್ನು ಚಾಲ್ತಿಗೆ ತಂದಾಗ ಕೊಟ್ಟ ನಾಲ್ಕು ಉದಾಹರಣೆಗಳಲ್ಲಿ ಅರಬ್ಬಿಯೂ ಒಂದು. ನಮ್ಮಲ್ಲೂ ಗ್ರಾಂಥಿಕ ಕನ್ನಡ, ಆಡುಗನ್ನಡ ಎಂಬ ಭೇದ ಇದೆಯಲ್ಲ ಎನ್ನಬಹುದು. ಇದೆ. ಆದರೆ ನಮ್ಮ ಮೇಷ್ಟರು ಗ್ರಾಂಥಿಕದ ಹತ್ತಿರ ಹತ್ತಿರದ ಕನ್ನಡವನ್ನು ಮನೆಯಲ್ಲೂ ಆಡಬಲ್ಲರು. ಕೈರೋದ ಪ್ರೊಫೆಸರ್ ಮೀನು ಕೊಳ್ಳುವಾಗ ಫುಸ್ಹಾ ಆಡಿದರೆ ಅಂಗಡಿಯವನು ನಾಟಕದ ರಿಹರ್ಸಲ್ ಇರಬೇಕು ಅಂದುಕೊಂಡಾನು.

ಆದ್ದರಿಂದ ಕಲಿಯುವವರು ಎರಡು ಅರಬ್ಬಿ ಕಲಿಯಬೇಕು, ಎರಡನೆಯದನ್ನು ಆರಿಸಿಕೊಳ್ಳಬೇಕು. ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಬಳಕೆಯಲ್ಲಿರುವ ‘ಅಲ್-ಕಿತಾಬ್’ ಪಠ್ಯಮಾಲೆ ತನ್ನ ಈಚಿನ ಆವೃತ್ತಿಯಲ್ಲಿ ಫುಸ್ಹಾ ಪದದ ಪಕ್ಕದಲ್ಲೇ ಈಜಿಪ್ಟಿನ ಮತ್ತು ಶಾಮ್‌ನ, ಅಂದರೆ ಸಿರಿಯಾ-ಲೆಬನಾನ್ ಸೀಮೆಯ, ರೂಪಗಳನ್ನು ಕೊಡುತ್ತದೆ. ಯಾವುದನ್ನು ಆರಿಸಬೇಕು ಎಂಬುದಕ್ಕೆ ಸಿಗುವ ಸಲಹೆಗಳೆಲ್ಲ ಸಂತೆಯ ಲೆಕ್ಕದವು. ಆಡುವವರು ಹೆಚ್ಚು, ಸಿನಿಮಾ ಹೆಚ್ಚು, ಹಾಗಾಗಿ ಈಜಿಪ್ಟ್. ಫುಸ್ಹಾಕ್ಕೆ ಕೊಂಚ ಹತ್ತಿರ, ಕೇಳಲು ಮೃದು, ಹಾಗಾಗಿ ಶಾಮ್. ಕೆಲಸ ಬೇಕಿದ್ದರೆ ಕೊಲ್ಲಿ. ಕರಾವಳಿಯ ನನ್ನ ಬಂಧುಗಳಿಗೆ ಈ ಮೂರನೆಯದನ್ನು ಬಿಟ್ಟು ಬೇರೆ ಅರಬ್ಬಿ ಇದೆ ಎಂಬುದೇ ಸೋಜಿಗ. ದಮ್ಮಾಮ್‌ನಲ್ಲಿ ಹದಿನೈದು ವರ್ಷ ದುಡಿದ ದೊಡ್ಡಪ್ಪನ ಅರಬ್ಬಿಯಲ್ಲಿ ಎಲ್ಲ ನಿಷೇಧಕ್ಕೂ ‘ಮಾಫಿ’ ಎಂಬ ಒಂದೇ ಪದ: ಮಾಫಿ ಮಾಲೂಮ್, ಮಾಫಿ ಶುಗುಲ್. ಗೊತ್ತಿಲ್ಲ, ಕೆಲಸವಿಲ್ಲ. ವಲಸೆ ಕೂಲಿಕಾರರೂ ಅರಬ್ಬರೂ ಸೇರಿ ಕಟ್ಟಿಕೊಂಡ ಈ ಬೆರಕೆ ಮಾತಿನಲ್ಲಿ ಅವರು ಮನೆ ಕಟ್ಟಿಸಿದ್ದಾರೆ, ಇಬ್ಬರು ಮಕ್ಕಳ ಮದುವೆ ಮಾಡಿದ್ದಾರೆ. “ನೀನು ಕಲಿತ ಅರಬ್ಬಿಯಲ್ಲಿ ಏನು ಕೊಳ್ಳಬಹುದು?” ಎಂದು ಅವರು ಕೇಳಿದ್ದು ಕುಹಕಕ್ಕಲ್ಲ.

ಸಾಹಿತ್ಯದ ವಿದ್ಯಾರ್ಥಿಗೆ ಈ ಲೆಕ್ಕಗಳು ಯಾವುವೂ ಹೊಂದುವುದಿಲ್ಲ ಎಂಬುದು ನನ್ನ ವಾದ. ನಾವು ಉಪಭಾಷೆ ಕಲಿಯಬೇಕಾದದ್ದು ಮಾತಾಡುವುದಕ್ಕಿಂತ ಮೊದಲು ಓದುವುದಕ್ಕೆ. ಅದೂ ಆ ಉಪಭಾಷೆಯ ಒಂದು ವಾಕ್ಯವೂ ಇಲ್ಲದ ಪುಸ್ತಕಗಳನ್ನು ಓದುವುದಕ್ಕೆ.

ಮಹ್ಫೂಜ್‌ನ ಕೈರೋ ತ್ರಿವಳಿಯನ್ನೇ ನೋಡಿ. 1956-57ರಲ್ಲಿ ಬಂದ ಈ ಮೂರು ಕಾದಂಬರಿಗಳ ಹೆಸರುಗಳೂ ಹಳೆ ಕೈರೋದ ಬೀದಿಗಳವು. ಮೊದಲನೆಯದು ‘ಬೈನ್ ಅಲ್-ಕಸ್ರೈನ್’, ಎರಡು ಅರಮನೆಗಳ ನಡುವೆ. ಆ ಬೀದಿಯ ಜನ ತಮ್ಮ ಬೀದಿಯನ್ನು ಹಾಗೆನ್ನುವುದಿಲ್ಲ. ಅವರ ಬಾಯಲ್ಲಿ ‘ಕ’ದಂತಿರುವ ಕಾಫ್ ಅಕ್ಷರ ಗಂಟಲಲ್ಲೇ ಬಿಕ್ಕಿ ಮಾಯವಾಗಿ ‘ಬೇನ್ ಇಲ್-ಅಸ್ರೇನ್’ ಆಗುತ್ತದೆ. ಮೂರು ತಲೆಮಾರುಗಳ ಆ ದೊಡ್ಡ ಕಥನದಲ್ಲಿ ಎಲ್ಲರೂ ಆಡುವುದು ಫುಸ್ಹಾ. ವ್ಯಾಪಾರಿ ಅಹ್ಮದ್ ಅಬ್ದುಲ್ ಗವ್ವಾದ್, ಅಕ್ಷರ ಕಲಿಯದ ಅವನ ಹೆಂಡತಿ ಅಮೀನಾ, ಹಾಡುಗಾರ್ತಿ ಜುಬೈದಾ, ಎಲ್ಲರೂ. ಆಡುನುಡಿ ಎಂದರೆ ಜನ ನರಳುತ್ತಿರುವ ರೋಗಗಳಲ್ಲೊಂದು ಎಂಬರ್ಥದ ಮಾತನ್ನು ಮಹ್ಫೂಜ್ ಒಂದು ಸಂದರ್ಶನದಲ್ಲಿ ಆಡಿದ್ದ.

ಇದನ್ನು ಓದಿದಾಗ ಕನ್ನಡದ ವಿಮರ್ಶೆಯ ಮನಸ್ಸು ಕೂಡಲೇ ತೀರ್ಪು ಕೊಟ್ಟುಬಿಡುತ್ತದೆ. ಬೇಂದ್ರೆಯವರ ಧಾರವಾಡ, ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತು, ಇವುಗಳಿಂದ ಕಿವಿ ಹದ ಮಾಡಿಕೊಂಡವರು ನಾವು. ಪ್ರಾದೇಶಿಕ ಮಾತು ಇದ್ದರೆ ಜೀವ, ಇಲ್ಲದಿದ್ದರೆ ಕೃತಕ. ಈ ಅಳತೆಗೋಲು ನಮ್ಮ ಸಂದರ್ಭದಲ್ಲಿ ದುಡಿದು ಗಳಿಸಿದ್ದು, ನಿಜ. ಆದರೆ ಅದನ್ನು ಹಾಗೇ ಎತ್ತಿಕೊಂಡು ಹೋಗಿ ಕೈರೋದಲ್ಲಿ ನೆಟ್ಟರೆ ಕೆಲಸ ಮಾಡುವುದಿಲ್ಲ. ಫುಸ್ಹಾದಲ್ಲಿ ಬರೆದದ್ದು ಮೊರಾಕ್ಕೊದಿಂದ ಇರಾಕ್‌ವರೆಗೆ ಓದಿಸಿಕೊಳ್ಳುತ್ತದೆ ಎಂಬ ಸರಳ ಕಾರಣ ಒಂದು. ಅದಕ್ಕಿಂತ ಮುಖ್ಯವಾದದ್ದು, ಈಜಿಪ್ಟಿನ ಓದುಗರು ಆ ಫುಸ್ಹಾವನ್ನು ಓದುತ್ತ ಒಳಗಿವಿಯಲ್ಲಿ ಕೈರೋ ಮಾತನ್ನೇ ಕೇಳಿಸಿಕೊಳ್ಳುತ್ತಾರೆ. ಮಹ್ಫೂಜ್‌ನ ಸಂಭಾಷಣೆಗಳಲ್ಲಿ ಆಡುನುಡಿಯ ನುಡಿಗಟ್ಟುಗಳು ಫುಸ್ಹಾದ ಅಂಗಿ ತೊಟ್ಟು ಕೂತಿರುವುದನ್ನು ಸಾಸನ್ ಸೋಮೆಖ್‌ನಂಥ ವಿಮರ್ಶಕರು ಗುರುತಿಸಿದ್ದಾರೆ. ಬರೆದವನು ಅರ್ಧ ಬರೆದು ಉಳಿದರ್ಧವನ್ನು ಓದುವವರ ಕಿವಿಗೆ ಬಿಟ್ಟಿದ್ದಾನೆ. ಬೆಂಗಳೂರಿನಲ್ಲಿ ಕೂತು ಬರೀ ಫುಸ್ಹಾ ಕಲಿತವರಿಗೆ ಆ ಉಳಿದರ್ಧ ಇರುವುದೇ ತಿಳಿಯುವುದಿಲ್ಲ. ಅವರು ಅಮೀನಾ ಹೀಗೇ ಮಾತಾಡುತ್ತಿದ್ದಳು ಅಂದುಕೊಳ್ಳುತ್ತಾರೆ.

ಈ ಉಳಿದರ್ಧವನ್ನು ಕೇಳಲು ಒಂದು ದಾರಿಯಿದೆ. 1964ರಲ್ಲಿ ಹಸನ್ ಅಲ್-ಇಮಾಮ್ ಇದೇ ಕಾದಂಬರಿಯನ್ನು ಸಿನಿಮಾ ಮಾಡಿದ. ಯಹ್ಯಾ ಶಾಹೀನ್ ಗಂಡ, ಅಮಾಲ್ ಜಾಯೆದ್ ಅಮೀನಾ. ಅಲ್ಲಿ ಎಲ್ಲರೂ ಆಡುವುದು ಕೈರೋ ಮಾತು. ಅಮೀನಾ ಗಂಡನನ್ನು ‘ಸೀ ಸ್ಸೈಯದ್’ ಎನ್ನುತ್ತಾಳೆ. ‘ಸೀ’ ಎಂದರೆ ‘ಸಯ್ಯಿದಿ’, ನನ್ನೊಡೆಯ ಎಂಬುದು ಸವೆದು ಉಳಿದ ತುಣುಕು. ಇವತ್ತಿಗೂ ಈಜಿಪ್ಟಿನಲ್ಲಿ ದರ್ಪದ ಗಂಡನಿಗೆ ‘ಸೀ ಸ್ಸೈಯದ್’ ಎಂದೇ ಹೆಸರು. ಅವನ ಅಪ್ಪಣೆಗಳಿಗೆ ಅವಳ ಉತ್ತರ ‘ಹಾದಿರ್’. ಅಂದರೆ ಆಯಿತು, ಇಲ್ಲಿದ್ದೇನೆ. ಪಾರಸಿ, ದಖನಿಗಳ ದಾರಿಯಲ್ಲಿ ನಮ್ಮ ಶಾಲೆಗಳಿಗೆ ಬಂದು ‘ಹಾಜರು’ ಆದ ಪದವೇ ಅದು. ಹೆಸರು ಕೂಗಿದಾಗ ಎದ್ದು ನಿಂತು ಹಾಜರ್ ಎನ್ನುವ ಮಗುವಿನ ದನಿ ಅಮೀನಾಳ ಆ ಒಂದು ಪದದಲ್ಲಿ ನನಗೆ ಕೇಳಿಸಿದೆ. ಫುಸ್ಹಾ ಮಾತ್ರ ಓದಿದ್ದರೆ ಕೇಳಿಸುತ್ತಿರಲಿಲ್ಲ.

ಹಾಗೆಂದು ಮಹ್ಫೂಜ್‌ನ ಆಯ್ಕೆ ಎಲ್ಲ ಕಡೆ ಗೆದ್ದಿದೆ ಎನ್ನಲಾರೆ. ಗಂಡ ಊರಲ್ಲಿಲ್ಲದಾಗ ಹುಸೇನ್ ಮಸೀದಿಗೆ ಹೋಗಿಬಂದಳೆಂಬ ಕಾರಣಕ್ಕೆ ಅಮೀನಾಳನ್ನು ಮನೆಯಿಂದ ಹೊರಹಾಕುವ ಪ್ರಸಂಗವಿದೆ. ಅಲ್ಲಿ ಫುಸ್ಹಾ ಅದ್ಭುತವಾಗಿ ಕೆಲಸ ಮಾಡುತ್ತದೆ. ಯಾವ ಕೈರೋ ಗಂಡನೂ ಹೆಂಡತಿಗೆ ಆ ಭಾಷೆಯಲ್ಲಿ ಹೊರಡು ಎನ್ನುವುದಿಲ್ಲ. ಎನ್ನುವುದಿಲ್ಲವಾದ್ದರಿಂದಲೇ ಆ ಮಾತು ಕೋರ್ಟಿನ ತೀರ್ಪಿನಂತೆ ತಣ್ಣಗೆ ಬೀಳುತ್ತದೆ. ಇದೂ ಕೂಡ ಆಡುನುಡಿ ಬಲ್ಲ ಕಿವಿಗೆ ಮಾತ್ರ ತಾಕುವ ತಣ್ಣನೆ. ಆದರೆ ಅದೇ ಮನೆಯಲ್ಲಿ ಸಂಜೆ ತಾಯಿ-ಮಕ್ಕಳು ಸೇರಿ ಕಾಫಿ ಕುಡಿಯುತ್ತ ಹರಟುವಾಗ, ಚೂಪು ನಾಲಗೆಯ ಮಗಳು ಖದೀಜಾ ಆಡುವ ಕುಟುಕು ಮಾತುಗಳು ಫುಸ್ಹಾದಲ್ಲಿ ಮೊಂಡಾಗುತ್ತವೆ. ಕುಟುಕು ಇದೆ ಎಂದು ಲೇಖಕ ಹೇಳಬೇಕಾಗುತ್ತದೆ. ಇನ್ನೂ ದೊಡ್ಡ ನಷ್ಟ ಅಹ್ಮದನದೇ. ಮನೆಯಲ್ಲಿ ಸಿಡುಕು ಮೋರೆಯ ಸರ್ವಾಧಿಕಾರಿ, ರಾತ್ರಿ ಗೆಳೆಯರ ನಡುವೆ ಹಾಡು, ಹಾಸ್ಯ, ಹೆಣ್ಣುಗಳ ರಸಿಕ. ಎರಡು ಬಾಳು ಬಾಳುವ ಮನುಷ್ಯನ ಕಥೆಯನ್ನು ಎರಡು ಬಾಳು ಬಾಳುವ ಭಾಷೆಯಲ್ಲಿ ಬರೆಯುತ್ತ, ಆ ಭಾಷೆಯ ಇಬ್ಬಗೆಯನ್ನು ಬಳಸದೆ ಬಿಟ್ಟದ್ದು ನನಗೆ ಈಗಲೂ ಸರಿಯೆನಿಸುವುದಿಲ್ಲ. ಸಿನಿಮಾದಲ್ಲೂ ಇದು ದಕ್ಕಿಲ್ಲ, ಅಲ್ಲಿ ಎರಡೂ ಮುಖ ಆಮ್ಮಿಯ್ಯಾದಲ್ಲೇ ಮಾತಾಡುತ್ತವೆ.

ಬೇರೆ ದಾರಿಗಳು ಇದ್ದವು. ಮುಹಮ್ಮದ್ ಹುಸೇನ್ ಹೈಕಲ್ ತನ್ನ ಹೆಸರು ಮರೆಸಿ, ‘ಒಬ್ಬ ಈಜಿಪ್ಟಿನ ರೈತ’ ಎಂದು ಸಹಿ ಹಾಕಿ 1913ರಲ್ಲಿ ಪ್ರಕಟಿಸಿದ ‘ಜೈನಬ್’ ಕಾದಂಬರಿಯಲ್ಲಿ ಹಳ್ಳಿಗರು ಹಳ್ಳಿ ಮಾತನ್ನೇ ಆಡುತ್ತಾರೆ. ಯೂಸುಫ್ ಇದ್ರೀಸ್‌ನ 1956ರ ಕಥಾಸಂಕಲನಕ್ಕೆ ಮುನ್ನುಡಿ ಬರೆದ ತಾಹಾ ಹುಸೇನ್ ಆತನ ಪ್ರತಿಭೆಯನ್ನು ಹೊಗಳುತ್ತಲೇ ಫುಸ್ಹಾದ ಮೇಲೆ ದಯೆಯಿರಲಿ ಎಂಬಂತೆ ಬುದ್ಧಿ ಹೇಳಿದ, ಇದ್ರೀಸ್ ಕೇಳಲಿಲ್ಲ. ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ನಾಟಕಕಾರ ತೌಫೀಕ್ ಅಲ್-ಹಕೀಮ್‌ನ ಉಪಾಯ. ಅರಬ್ಬಿ ಬರವಣಿಗೆಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಿದ್ದರೆ ಅದೇ ಸಾಲನ್ನು ಒಮ್ಮೆ ಫುಸ್ಹಾ ಆಗಿ, ಒಮ್ಮೆ ಆಮ್ಮಿಯ್ಯಾ ಆಗಿ ಓದಲು ಬರುವಂತೆ ಬರೆದರೆ? 1956ರ ‘ಅಸ್-ಸಫ್ಕಾ’ ನಾಟಕವನ್ನು ಆತ ಹಾಗೇ ಬರೆದು ‘ಮೂರನೆಯ ಭಾಷೆ’ ಎಂದು ಕರೆದ. ಕಾಗುಣಿತದಲ್ಲಿ ಒಂದು ಸ್ವರವನ್ನೂ ಬಿಡದೆ ಬರೆಯುವ ಕನ್ನಡಕ್ಕೆ ಈ ಆಟ ಆಡಲು ಬರುವುದಿಲ್ಲ. ನಮಗೆ ‘ಹೋಗುತ್ತೇನೆ’ ಇಲ್ಲವೇ ‘ಹೋಗ್ತೀನಿ’ ಇಲ್ಲವೇ ‘ಹೋಗ್ತೇನಿ’. ಬರೆದ ಕೂಡಲೇ ಊರು ಗೊತ್ತಾಗಿಬಿಡುತ್ತದೆ.

ಇನ್ನೊಂದು ತೊಡಕನ್ನು ಆಡುನುಡಿಯ ಅಭಿಮಾನಿಗಳು ಮರೆಯುತ್ತಾರೆ. ಪಠ್ಯಗಳು ‘ಈಜಿಪ್ಟಿನ ಅರಬ್ಬಿ’ ಎಂದು ಕಲಿಸುವುದು ಕೈರೋದ ಓದಿದವರ ಮಾತು. ದಕ್ಷಿಣದ ಸಈದ್ ಪ್ರಾಂತದವರು ಕಾಫ್ ಅಕ್ಷರವನ್ನು ‘ಗ’ ಎನ್ನುತ್ತಾರೆ. ಈಜಿಪ್ಟಿನ ಸಿನಿಮಾದಲ್ಲಿ ಆ ಉಚ್ಚಾರ ಬಂತೆಂದರೆ ಹಳ್ಳಿಗಮಾರ ಬಂದ, ನಗಬಹುದು ಎಂದರ್ಥ. ಮಂಗಳೂರು ಕನ್ನಡ, ಹುಬ್ಬಳ್ಳಿ ಕನ್ನಡವನ್ನು ನಮ್ಮ ಸಿನಿಮಾ ದುಡಿಸಿಕೊಂಡ ಹಾಗೆಯೇ. ಫುಸ್ಹಾ ಬಿಟ್ಟು ಆಮ್ಮಿಯ್ಯಾ ಹಿಡಿದ ಮಾತ್ರಕ್ಕೆ ನಾವು ಜನರ ಪಕ್ಷ ಸೇರಿದೆವು ಎಂದುಕೊಳ್ಳುವಂತಿಲ್ಲ. ಸಈದ್‌ನ ಕವಿ ಅಬ್ದುರ್ ರಹಮಾನ್ ಅಲ್-ಅಬ್ನೂದಿಯ ‘ಗವಾಬಾತ್’ ನನ್ನ ಕೈಗೆ ಬಂದಾಗ ಕೈರೋ ಕಲಿತ ಸೊಕ್ಕು ಸ್ವಲ್ಪ ಇಳಿಯಿತು. ಅಸ್ವಾನಿನ ಅಣೆಕಟ್ಟಿನಲ್ಲಿ ಕೂಲಿಗೆ ಹೋದವನೊಬ್ಬ ಊರಲ್ಲಿರುವ ಹೆಂಡತಿಯೊಂದಿಗೆ ನಡೆಸುವ ಪತ್ರವ್ಯವಹಾರದ ರೂಪದ ಕವಿತೆಗಳು ಅವು. ಹೆಂಡತಿಯ ಹೆಸರು ಫಾತಿಮಾ ಅಲ್ಲ, ಊರವರ ಬಾಯಲ್ಲಿ ತಿರುಗಿದ ‘ಫಾತ್ನಾ’. ಶೀರ್ಷಿಕೆಯ ‘ಗವಾಬ್’ ನಮ್ಮ ‘ಜವಾಬು’ ಪದವೇ. ಫುಸ್ಹಾದಲ್ಲೂ ಕನ್ನಡದಲ್ಲೂ ಅದಕ್ಕೆ ಉತ್ತರ ಎಂದರ್ಥ. ಈಜಿಪ್ಟಿನ ಮಾತಿನಲ್ಲಿ ಕಾಗದ, ಪತ್ರ. ಅಲ್ಲಿ ಮೊದಲ ಕಾಗದವೂ ಜವಾಬೇ. ದಮ್ಮಾಮ್‌ನಿಂದ ದೊಡ್ಡಪ್ಪ ದೊಡ್ಡಮ್ಮನಿಗೆ ಬರೆಯುತ್ತಿದ್ದ ಇನ್‌ಲ್ಯಾಂಡಿನ ಗಾತ್ರದ ಏರ್‌ಮೇಲ್ ಕಾಗದಗಳು ನೆನಪಾಗಿ ಆ ಪುಸ್ತಕವನ್ನು ಎರಡು ಸಲ ಓದಿದೆ.

ನಾನು ಕೈರೋವನ್ನು ಆರಿಸಿದ್ದು ಮಹ್ಫೂಜ್‌ಗಾಗಿ, ಮತ್ತು ಆ ಆಯ್ಕೆಗೆ ಬೆಲೆಯಿದೆ. ಸುಡಾನಿನ ತಯ್ಯಿಬ್ ಸಾಲಿಹ್‌ನ ‘ಉತ್ತರಕ್ಕೆ ವಲಸೆಯ ಋತು’ 1966ರ ಕಾದಂಬರಿ. ಅದರ ಸಂಭಾಷಣೆ ಬಹುಮಟ್ಟಿಗೆ ಫುಸ್ಹಾ. ನೈಲ್ ನದಿಯ ತಿರುವಿನ ಆ ಹಳ್ಳಿಯ ಅಜ್ಜ, ಬಿಂತ್ ಮಜ್ಜೂಬ್ ಎಂಬ ಎಗ್ಗಿಲ್ಲದ ಮುದುಕಿ ಮಾತಾಡುವಾಗ ನನ್ನ ಒಳಗಿವಿ ಅವರಿಗೆ ತಂತಾನೇ ಕೈರೋದ ದನಿ ಕೊಡುತ್ತದೆ. ‘ಹೇಳಿದ’ ಎಂಬುದು ಫುಸ್ಹಾದಲ್ಲಿ ‘ಕಾಲ’, ಕೈರೋದಲ್ಲಿ ‘ಆಲ್’, ಸುಡಾನಿನಲ್ಲಿ ‘ಗಾಲ್’. ಆ ಅಜ್ಜ ‘ಆಲ್’ ಎನ್ನುವುದೆಂದರೆ ಬೀದರಿನ ರೈತ ಮಲ್ಲೇಶ್ವರದ ಕನ್ನಡ ಆಡಿದ ಹಾಗೆ.

ಅದಕ್ಕೇ ಈ ಸೆಮಿಸ್ಟರಿನಲ್ಲಿ ಸಾಲಿಹ್‌ನ ಇನ್ನೊಂದು ಪುಸ್ತಕ ‘ಉರ್ಸ್ ಅಜ್-ಜೈನ್’, ಜೈನನ ಮದುವೆ, ಹಿಡಿದಿದ್ದೇನೆ. ಅದರಲ್ಲಿ ಮಾತುಕತೆ ಸುಡಾನಿನ ಆಡುನುಡಿಯಲ್ಲೇ ಇದೆ. ನಮ್ಮ ಹಾಸ್ಟೆಲಿನಲ್ಲಿ ಫಾರ್ಮಸಿ ಓದುತ್ತಿರುವ ಸುಡಾನಿನ ಹುಡುಗನೊಬ್ಬ ವಾರಕ್ಕೆರಡು ಸಂಜೆ ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಬದಲಿಗೆ ನಾನು ಅವನಿಗೆ ಆಟೋದವರ ಜೊತೆ ಚೌಕಾಸಿ ಮಾಡುವಷ್ಟು ಕನ್ನಡ ಕಲಿಸುತ್ತೇನೆ. ಅವನು ಖಾರ್ತೂಮಿನವನು, ಪುಸ್ತಕ ಉತ್ತರದ ಹಳ್ಳಿಯದು. ಕಳೆದ ವಾರ ಒಂದು ಪದಕ್ಕೆ ಅವನೂ ನಿಂತ. ಪುಟದ ಫೋಟೊ ತೆಗೆದು, ತನ್ನ ಓದನ್ನೂ ಜೊತೆಗೆ ರೆಕಾರ್ಡ್ ಮಾಡಿ ಅಜ್ಜಿಗೆ ಕಳಿಸಿದ. ಮರುದಿನ ಅಜ್ಜಿಯಿಂದ ಪದದ ಅರ್ಥ ಬಂತು, ಅದರ ಹಿಂದೆಯೇ ಅವನ ಉಚ್ಚಾರಣೆ ತಿದ್ದುವ ನಾಲ್ಕು ನಿಮಿಷದ ಇನ್ನೊಂದು ಮೆಸೇಜು.