ಕೋಣನಕುಂಟೆಯ ಬಾಡಿಗೆ ಮನೆ

ಎ.ಎಂ.ಆರ್. ರಮೇಶ್ ಅವರ ‘ಸಯನೈಡ್’ 2006ರಲ್ಲಿ ಬಂದ ಚಿತ್ರ. ಊರಲ್ಲಿರುವ ನೀವು ಅದನ್ನು ಥಿಯೇಟರಿನಲ್ಲೋ ಟೀವಿಯಲ್ಲೋ ನೋಡಿ ಮರೆತೂ ಇರಬಹುದು. ನಾವು ನೋಡಿದ್ದು ಕುರಕುಂಭದಲ್ಲಿ, ಕಲಬುರಗಿ ಕಡೆಯ ಹುಡುಗನೊಬ್ಬ ಹಬ್ಬಕ್ಕೆ ಹೋಗಿ ಬರುವಾಗ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ತಂದ ವಿಸಿಡಿಯಲ್ಲಿ. ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ದೌಂಡ್ ತಾಲೂಕಿನಲ್ಲಿ ಸಿಗುವ ಊರು ಇದು. ಒಂದು ಕಡೆ ಫಿರಂಗಾಯಿ ದೇವಿಯ ಗುಡಿ, ಇನ್ನೊಂದು ಕಡೆ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳು. ನಮ್ಮ ಕನ್ನಡದಲ್ಲಿ ಫಿರಂಗಿ ಅಂದರೆ ತೋಪು, ಇಲ್ಲವೇ ಪರದೇಶದವನು. ಇಲ್ಲಿ ಊರು ಕಾಯುವ ತಾಯಿಯ ಹೆಸರೇ ಹಾಗೆ ಕೇಳಿಸುತ್ತೆ. ಇರಲಿ. ರಾಸಾಯನಿಕದ ವಾಸನೆಗೆ ಮೂಗು ಒಗ್ಗಿಹೋಗಿದ್ದ ನಮಗೆ ಚಿತ್ರದ ಹೆಸರು ಕೇಳಿಯೇ ನಗು. ‘ಇದು ನಮ್ಮ ಸೆಕ್ಷನ್ನಿನ ಪಿಚ್ಚರ್ ಮಾರಾಯಾ’ ಅಂತ ಒಬ್ಬ ಅಂದ.

ಚಿತ್ರ ಶುರುವಾದ ಮೇಲೆ ಯಾರೂ ನಗಲಿಲ್ಲ. ರಾಜೀವ್ ಗಾಂಧಿ ಹತ್ಯೆಯಾದದ್ದು 1991ರ ಮೇ 21ರಂದು, ಶ್ರೀಪೆರಂಬದೂರಿನಲ್ಲಿ. ಹಂತಕರ ಗುಂಪಿನ ಮುಖಂಡ ಒಕ್ಕಣ್ಣ ಶಿವರಾಸನ್, ಶುಭಾ ಮತ್ತು ಇತರರು ಬೆಂಗಳೂರಿಗೆ ನುಸುಳಿ, ಕೊನೆಗೆ ಕೋಣನಕುಂಟೆಯ ಒಂದು ಮನೆಯಲ್ಲಿ ಸತ್ತರು. ಆ ಕೊನೆಯ ದಿನಗಳೇ ಚಿತ್ರದ ವಸ್ತು. ಶಿವರಾಸನ್ ಪಾತ್ರದಲ್ಲಿ ರವಿ ಕಾಳೆ, ಶುಭಾ ಆಗಿ ಮಾಳವಿಕಾ ಅವಿನಾಶ್, ಇವರನ್ನು ಇಟ್ಟುಕೊಂಡ ರಂಗನಾಥ್ ಆಗಿ ರಂಗಾಯಣ ರಘು, ಅವನ ಹೆಂಡತಿಯಾಗಿ ತಾರಾ. ಶ್ರೀಲಂಕಾದ ತಮಿಳನ ಪಾತ್ರಕ್ಕೆ ಕನ್ನಡ ಚಿತ್ರದಲ್ಲಿ ಒಬ್ಬ ಮರಾಠಿ ನಟ ಅಂತ ನಮ್ಮ ಮರಾಠಿ ಗೆಳೆಯರಿಗೆ ಬಹಳ ಹೆಮ್ಮೆ.

ನನಗೆ ಚಿತ್ರ ಹಿಡಿಸಿದ್ದು ಬಂದೂಕಿಗಲ್ಲ, ಮನೆಗೆ. ಹಾಲು ತರಬೇಕು, ತರಕಾರಿ ತರಬೇಕು, ಪಕ್ಕದವರು ಏನಾದರೂ ಕೇಳಿದರೆ ಉತ್ತರ ಹೇಳಬೇಕು. ಇಷ್ಟು ಜನಕ್ಕೆ ಅನ್ನ ಬೇಯಿಸಿ ಹಾಕುವ ಹೆಂಗಸಿಗೆ, ತನ್ನ ಅಡುಗೆಮನೆಯಲ್ಲಿ ಓಡಾಡುತ್ತಿರುವವರು ಯಾರು ಅನ್ನೋದು ಗೊತ್ತಿದೆ; ಬಾಯಿ ಬಿಡುವ ಹಾಗಿಲ್ಲ. ತಾರಾ ಆ ಭಯವನ್ನು ಕಿರುಚದೆ ತೋರಿಸಿದ್ದಾರೆ. ಯುದ್ಧ ಅನ್ನೋದು ಯಾವುದೋ ದ್ವೀಪದಿಂದ ಬಂದು ಬೆಂಗಳೂರಿನ ಹೊರವಲಯದ ಒಂದು ಸಾಮಾನ್ಯ ಕುಟುಂಬದ ಮನೆಯೊಳಗೆ ಚಾಪೆ ಹಾಸಿಕೊಂಡು ಮಲಗುತ್ತದೆ. ಇದನ್ನು ಇಷ್ಟು ಹತ್ತಿರದಿಂದ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನಾನು ನೋಡಿಲ್ಲ.

ನಮ್ಮ ಜೊತೆ ಕೂತಿದ್ದವರಲ್ಲಿ ಗೇಟಿನ ಸೆಕ್ಯುರಿಟಿಯ ಹಿರಿಯರೊಬ್ಬರಿದ್ದರು. ಬೆಳಗಾವಿ ಜಿಲ್ಲೆಯವರು, ಮರಾಠಾ ಲೈಟ್ ಇನ್‌ಫೆಂಟ್ರಿಯಿಂದ ನಿವೃತ್ತರಾದವರು. ಶಾಂತಿಪಾಲನಾ ಪಡೆ, ಅಂದರೆ ಐಪಿಕೆಎಫ್, ಶ್ರೀಲಂಕಾಕ್ಕೆ ಹೋದಾಗ ಜಾಫ್ನಾದಲ್ಲಿದ್ದವರು. ಎಲ್ಲ ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: ‘ಛಲೋ ಐತ್ರಿ. ಆದ್ರ ಇದರಾಗ ನಾವ್ ಎಲ್ಲಿ ಅದೀವ್ರೀ?’

ಚಿತ್ರದ ಮೇಲೆ ನನಗಿರುವ ತಕರಾರೂ ಇದೇ. ಅದರ ಕಣ್ಣು ಕೋಣನಕುಂಟೆಯ ಮೇಲಿದೆ, ಜಾಫ್ನಾದ ಮೇಲಿಲ್ಲ. ಆ ಮನೆಗೆ ಯುದ್ಧ ತಾನಾಗಿ ನಡೆದುಕೊಂಡು ಬರಲಿಲ್ಲ. 1983ರ ಕೊಲಂಬೊ ಗಲಭೆಯ ನಂತರ ತಮಿಳು ಹುಡುಗರಿಗೆ ಭಾರತದ ನೆಲದಲ್ಲೇ ಶಸ್ತ್ರ ತರಬೇತಿ ಸಿಕ್ಕಿತು. 1986ರ ನವೆಂಬರಿನಲ್ಲಿ ಸಾರ್ಕ್ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲೇ. ಜಯವರ್ಧನೆ ಅಲ್ಲಿದ್ದರು, ಎಂಜಿಆರ್ ಬಂದರು, ಪ್ರಭಾಕರನ್‌ನನ್ನೂ ಮದರಾಸಿನಿಂದ ವಿಮಾನದಲ್ಲಿ ಕರೆತರಲಾಯಿತು. ಮಾತುಕತೆ ಮುರಿದುಬಿತ್ತು. ಮರುವರ್ಷ ಜುಲೈ 29ರಂದು ಕೊಲಂಬೊದಲ್ಲಿ ಒಪ್ಪಂದವಾಗಿ, ಬೆನ್ನಿಗೇ ನಮ್ಮ ಸೈನ್ಯ ಇಳಿಯಿತು. ಶಸ್ತ್ರ ಇಳಿಸಿಕೊಳ್ಳಲು ಹೋದವರು ಅಕ್ಟೋಬರಿನಲ್ಲಿ ಯುದ್ಧಕ್ಕೇ ನಿಲ್ಲಬೇಕಾಯಿತು. ಅದೇ ತಿಂಗಳು ಜಾಫ್ನಾದ ಆಸ್ಪತ್ರೆಯಲ್ಲಿ ರೋಗಿಗಳೂ ವೈದ್ಯರೂ ನರ್ಸುಗಳೂ ನಮ್ಮವರ ಗುಂಡಿಗೆ ಸತ್ತರು. ಎರಡೂವರೆ ವರ್ಷದಲ್ಲಿ ನಮ್ಮ ಸೈನಿಕರು ಸುಮಾರು 1,200 ಮಂದಿ ಸತ್ತರು. ಕೊನೆಗೆ, 1989ರಲ್ಲಿ, ನಮ್ಮನ್ನು ಓಡಿಸಲು ಶ್ರೀಲಂಕಾದ ಅಧ್ಯಕ್ಷ ಪ್ರೇಮದಾಸರೇ ಎಲ್‌ಟಿಟಿಇಗೆ ಆಯುಧ ಕೊಟ್ಟರು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮದರಾಸಿಗೆ ಬಂದಾಗ ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಮರುವರ್ಷದ ಹತ್ಯೆಗೆ ಕಾರಣ, ರಾಜೀವ್ ಮತ್ತೆ ಅಧಿಕಾರಕ್ಕೆ ಬಂದರೆ ಸೈನ್ಯವೂ ಮತ್ತೆ ಬಂದೀತು ಎಂಬ ಭಯ ಅಂತ ತನಿಖೆ ಹೇಳಿತು.

ಇಷ್ಟನ್ನೂ ಎರಡು ಗಂಟೆಯ ಚಿತ್ರದಲ್ಲಿ ತುರುಕಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಇದಿಲ್ಲದಿದ್ದರೆ ಶಿವರಾಸನ್ ಬರೀ ಒಬ್ಬ ಖಳನಾಗುತ್ತಾನೆ, ಬೆಂಗಳೂರು ಬರೀ ಒಂದು ಅಡಗುತಾಣವಾಗುತ್ತದೆ. ಪೊಲೀಸರು ಯಾಕೆ ಅಷ್ಟು ಹೊತ್ತು ಕಾದರು ಅನ್ನೋದನ್ನು ಚಿತ್ರ ಕೇಳುತ್ತದೆ. ಆಗಸ್ಟ್ 20ರ ಬೆಳಗಿನ ಜಾವ ಕಮಾಂಡೋಗಳು ನುಗ್ಗುವಷ್ಟರಲ್ಲಿ ಒಳಗಿದ್ದ ಏಳು ಮಂದಿಯೂ ಹೆಣವಾಗಿದ್ದರು. ಒಳ್ಳೆಯ ಪ್ರಶ್ನೆಯೇ. ಆದರೆ ಅದು ಮೂವತ್ತಾರು ಗಂಟೆಯ ಪ್ರಶ್ನೆ. ಸೆಕ್ಯುರಿಟಿಯ ಹಿರಿಯರು ಕೇಳಿದ್ದು ಎಂಟು ವರ್ಷದ ಪ್ರಶ್ನೆ.

ದೂರದ ದೊಡ್ಡ ರಾಷ್ಟ್ರ ಇನ್ನೊಬ್ಬರ ಜಗಳದಲ್ಲಿ ಕೈ ಹಾಕಿ ಸುಟ್ಟುಕೊಂಡರೆ ಸಮುದ್ರ ದಾಟಿ ಮನೆಗೆ ಹೋಗಬಹುದು. ನೆರೆಯವನು ಎಲ್ಲಿಗೆ ಹೋಗಬೇಕು? ಧನುಷ್ಕೋಟಿಯಿಂದ ತಲೈಮನ್ನಾರಿಗೆ ಮೂವತ್ತು ಕಿಲೋಮೀಟರಿನಷ್ಟು ನೀರು, ಅಷ್ಟೇ. 1979ರಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ಹೋದಾಗ ಮುಜಾಹಿದೀನರಿಗೆ ತರಬೇತಿ ಕೊಟ್ಟದ್ದು ಪಕ್ಕದ ಪಾಕಿಸ್ತಾನ. ಮೂವತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಬಂದು ಬಿದ್ದದ್ದೂ ಅಲ್ಲಿಗೇ, ಬಂದೂಕುಗಳು ಉಳಿದುಕೊಂಡದ್ದೂ ಅಲ್ಲೇ. ಶ್ರೀಲಂಕಾದ ವಿಷಯದಲ್ಲಿ ನಾವು ಎರಡೂ ಆದೆವು ನೋಡಿ. ಹುಡುಗರಿಗೆ ಬಂದೂಕು ಹಿಡಿಯಲು ಕಲಿಸಿದವರು ನಾವೇ, ಅವರ ಮೇಲೆ ಸೈನ್ಯ ಕಳಿಸಿದವರೂ ನಾವೇ, ನಿರಾಶ್ರಿತರಿಗೆ ಕ್ಯಾಂಪು ಹಾಕಿದವರೂ ನಾವೇ. ಕೈ ಕಟ್ಟಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ ಅಂತಲ್ಲ. 83ರಲ್ಲೇ ದೋಣಿಗಳು ರಾಮೇಶ್ವರಕ್ಕೆ ಬರತೊಡಗಿದ್ದವು. ಆದರೆ ಸೈನ್ಯ ಹೋದದ್ದರಿಂದ ಅವರ ಯುದ್ಧಕ್ಕೆ ನಮ್ಮ ವಿಳಾಸ ಸಿಕ್ಕಿತು. ಆ ವಿಳಾಸ ದೆಹಲಿಯದಾಗಿರಲಿಲ್ಲ. ಮೊದಲು ಕೋಡಂಬಾಕ್ಕಂ, ಅಲ್ಲಿ 1990ರ ಜೂನ್‌ನಲ್ಲಿ ಎದುರಾಳಿ ಗುಂಪಿನ ಪದ್ಮನಾಭ ಮತ್ತವನ ಸಂಗಡಿಗರನ್ನು ಕೊಂದರು. ಆಮೇಲೆ ಶ್ರೀಪೆರಂಬದೂರು, ಆಮೇಲೆ ಕೋಣನಕುಂಟೆ.

ಆ ವಿಳಾಸದ ಬಿಸಿ ನಮಗೂ ತಟ್ಟಿತ್ತು. 1991ರಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಕೋಲಾರದ ಕಡೆಯ ಗೆಳೆಯನೊಬ್ಬ, ಮನೆಮಾತು ತಮಿಳು, ಅಪ್ಪ ಚಿನ್ನದ ಗಣಿಯ ಕಾರ್ಮಿಕ. ಆಗಸ್ಟ್ ಆದಮೇಲೆ ಅವನಿಗೆ ರೂಮು ಕೊಡುವವರಿಲ್ಲ. ‘ಎಲ್ಲಿಯವರಪ್ಪ?’ ಅಂತ ಕೇಳಿ, ಮಾತಿನ ಧಾಟಿ ಕೇಳಿ, ‘ನೆಂಟರು ಬರ್ತಾರೆ’ ಅನ್ನೋರು. ಕಡೆಗೆ ನನ್ನ ಹೆಸರಲ್ಲಿ ಅಡ್ವಾನ್ಸ್ ಕೊಟ್ಟು ಅವನನ್ನು ಇಟ್ಟೆವು. ‘ಸಯನೈಡ್’ ನೋಡುವಾಗ ಹೊಟ್ಟೆಯಲ್ಲಿ ಒಂಥರಾ ಆಯ್ತು. ಬಾಡಿಗೆ ಚೀಟಿಯ ಮಟ್ಟಿಗೆ ರಂಗನಾಥ್ ಮಾಡಿದ್ದೂ ಅದನ್ನೇ: ತನ್ನ ಹೆಸರಲ್ಲಿ ಮನೆ ಹಿಡಿದು ತಮಿಳು ಮಾತಾಡುವವರನ್ನು ಒಳಗಿಟ್ಟ. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟರೆ ಮನೆ ಮಾಲೀಕನಿಗೆ ಯಾವ ವ್ಯತ್ಯಾಸ ಕಂಡೀತು? ಆ ಡಿಸೆಂಬರಿನಲ್ಲಿ ಕಾವೇರಿ ಗಲಭೆ ಬೇರೆ ಬಂತು. ಅದರ ಕಾರಣ ಬೇರೆಯೇ, ಆದರೆ ಪೆಟ್ಟು ಬಿದ್ದದ್ದು ಅದೇ ಜನಕ್ಕೆ. ಕುರಕುಂಭಕ್ಕೆ ಬಂದ ಮೇಲೆ ‘ಮದ್ರಾಸಿ ಕಾ?’ ಅಂತ ನನ್ನನ್ನೇ ಕೇಳಿದರು. ಪರ ಊರಲ್ಲಿ ಬಾಡಿಗೆಗಿರೋನಿಗೆ ಚಿತ್ರದ ಆ ಮನೆ ಬೇರೆ ಥರ ಕಾಣುತ್ತೆ.

2013ರ ಹಿಂದಿ ‘ಮದ್ರಾಸ್ ಕೆಫೆ’ ಜಾಫ್ನಾವನ್ನು ತೋರಿಸಲು ಹೊರಟಿತು. ಆದರೆ ಅಲ್ಲಿ ಯುದ್ಧವೆಲ್ಲ ಒಬ್ಬ ಗೂಢಚಾರನ ದುಃಖವಾಗಿಬಿಡುತ್ತದೆ. 2025ರಲ್ಲಿ ಬಂದ ನಾಗೇಶ್ ಕುಕುನೂರರ ‘ದಿ ಹಂಟ್’ ಸರಣಿ ತನಿಖೆಯ ಹಿಂದೆ ಓಡುತ್ತದೆ. ಅವೆರಡರ ಮುಂದೆ ‘ಸಯನೈಡ್’ ಬಡ ಚಿತ್ರ. ಆದರೂ ನನಗೆ ಅದೇ ದೊಡ್ಡದು, ಯಾಕೆಂದರೆ ಅಲ್ಲಿ ಅಡುಗೆಮನೆ ಇದೆ.

ಚಿತ್ರ ನಿಲ್ಲುವುದು ಹೆಣಗಳ ಹತ್ತಿರ. ಹೊರಗೆ ಕಥೆ ನಡೆದೇ ಇತ್ತು. 1998ರ ಜನವರಿಯಲ್ಲಿ ಟಾಡಾ ನ್ಯಾಯಾಲಯ 26 ಮಂದಿಗೂ ಮರಣದಂಡನೆ ವಿಧಿಸಿತು, ರಂಗನಾಥ್‌ಗೂ. ಮರುವರ್ಷ ಸುಪ್ರೀಂ ಕೋರ್ಟು 19 ಮಂದಿಯನ್ನು ಬಿಟ್ಟಿತು, ಅವನು ಅವರಲ್ಲೊಬ್ಬ. ಜೈಲಿನಲ್ಲಿ ಉಳಿದಿದ್ದ ಕೊನೆಯವರು ಹೊರಬಂದದ್ದು 2022ರಲ್ಲಿ.

ಇನ್ನೊಂದು ಜಾಗ ಉಳಿದಿದೆ. ಅದೇ ಆಗಸ್ಟಿನಲ್ಲಿ, ಕೋಣನಕುಂಟೆಗೆ ಒಂದೆರಡು ದಿನ ಮೊದಲು, ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲೂ ಎಲ್‌ಟಿಟಿಇ ಹುಡುಗರು ಸಯನೈಡ್ ನುಂಗಿ ಸತ್ತರು. ಗಾಯಗೊಂಡು ಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು, ಪೊಲೀಸರ ಹುಡುಕಾಟ ಜೋರಾದಾಗ ಅಲ್ಲಿಗೆ ಸಾಗಿಸಲ್ಪಟ್ಟವರು. ಈಗ ನಾವೆಲ್ಲ ಆಂಜನೇಯನ ದರ್ಶನಕ್ಕೆ, ಕಾವೇರಿಯಲ್ಲಿ ಮೀಯಲು ಹೋಗುವ ಊರು ಅದು. ಅಲ್ಲಿ ಅವರಿಗೆ ಮನೆ ಕೊಟ್ಟವರು ಯಾರು, ಅನ್ನ ಹಾಕಿದವರು ಯಾರು, ಆಮೇಲೆ ಅವರನ್ನು ಊರವರು ಹೇಗೆ ಕಂಡರು? ಮಂಡ್ಯದ ಕಡೆ ಯಾರಾದರೂ ಬರೆದಿದ್ದರೆ ದಯವಿಟ್ಟು ಕಳಿಸಿಕೊಡಿ. ಕುರಕುಂಭಕ್ಕೆ ಅಂಚೆ ಬರಲು ನಾಲ್ಕೈದು ದಿನ ಹಿಡಿಯುತ್ತದೆ, ಆದರೆ ಬರುತ್ತದೆ.